ಸಿರಿಂಜಿನ ಡಬ್ಬಿಯಲ್ಲಿ ಹಿಡಿಸುವಷ್ಟು

ಫೆಬ್ರುವರಿ 3, ಮಂಗಳವಾರ

ಬೆಳಿಗ್ಗೆ ಆರಕ್ಕೆ ಉಸಿರು ನಿಮಿಷಕ್ಕೆ ಮೂವತ್ತಾರು. ಹತ್ತಕ್ಕೆ ಮೂವತ್ನಾಲ್ಕು. ಮಧ್ಯಾಹ್ನ ಒಂದಕ್ಕೆ ಮೂವತ್ತೈದು. ಹಾಲು ಐದು ಸಲ. ಜ್ವರ ಇಲ್ಲ, ಮೂರು ಸಲ ನೋಡಿದೆ.

ಮಗು ಹುಟ್ಟಿ ಆರು ತಿಂಗಳು ಹತ್ತು ದಿನ. ಮೊದಲ ನಾಲ್ಕು ದಿನ ಉಸಿರಾಟದ ತೊಂದರೆಯೆಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ‘ಈಗ ಏನೂ ಇಲ್ಲ, ಮರೆತುಬಿಡಿ’ ಎಂದು ಡಾಕ್ಟರು ಹೇಳಿ ಐದು ತಿಂಗಳಾಯಿತು. ಹೇಳುವುದಕ್ಕೇನು, ಅವರು ಮನೆಗೆ ಹೋಗಿ ಗೊರಕೆ ಹೊಡೆಯುತ್ತಾರೆ. ನಾನು ಮಲಗಿಬಿಟ್ಟರೆ ಎಣಿಸುವವರು ಯಾರು?

ಇವತ್ತು ಅಮ್ಮ ಬಟ್ಟೆ ಮಡಿಸುತ್ತ ಮಾತು ತೆಗೆದಳು.

“ಪುಟ್ಟಿ, ಮಾರ್ಚ್ ಹದಿನೆಂಟಕ್ಕೆ ನನ್ನ ಮಂಡಿ ಆಪರೇಷನ್ನು. ಆಮೇಲೆ ಬೈಕು ಹತ್ತೋದು ಅನುಮಾನ ಅಂದಿದ್ದಾರೆ. ಹೋಗೋದಾದ್ರೆ ಅಷ್ಟರೊಳಗೆ ಹೋಗಿ ಬಂದುಬಿಡ್ಬೇಕು.”

ಎಲ್ಲಿಗೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಅಮ್ಮ ಮೂವತ್ತು ವರ್ಷ ನರ್ಸು. ಲಸಿಕೆಯ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು ಇದೇ ಬೈಕಿನಲ್ಲಿ ಹಳ್ಳಿಹಳ್ಳಿ ಸುತ್ತಿದವಳು. ಅವಳ ಆಸ್ಪತ್ರೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಇತ್ತು: ಸಮುದ್ರದ ಅಂಚು, ರಸ್ತೆ ಮುಗಿಯುವ ಜಾಗದಲ್ಲಿ ಒಂದು ದೀಪಸ್ತಂಭ. ವರ್ಷ ಬದಲಾದರೂ ಆ ಹಾಳೆಯನ್ನು ತೆಗೆಯಲು ಬಿಟ್ಟಿರಲಿಲ್ಲ. ನಿವೃತ್ತಿಯಾದ ವಾರವೇ ಹೊರಡುವವಳಿದ್ದಳು. ಅಷ್ಟರಲ್ಲಿ ನನ್ನ ಹೆರಿಗೆ. ಚೀಲ ಬಿಚ್ಚಿಟ್ಟು ಇಲ್ಲಿಗೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ.

ಹೋಗಲು ಐದು ದಿನ, ಬರಲು ಐದು ದಿನ, ಅಲ್ಲಿ ಸುಮ್ಮನೆ ಕೂತಿರಲು ಒಂದು ದಿನ. ಹನ್ನೊಂದು ದಿನ ಈ ಮನೆಯಲ್ಲಿ ನಾನು ಮತ್ತು ಅವನು. ಇವರು ಪಂಪ್‌ಹೌಸಿನ ಮೊದಲ ಪಾಳಿಗೆ ಹೋದರೆ ಬರುವುದು ನಾಲ್ಕಕ್ಕೆ.

“ದಾರೀಲಿ ಗಾಡಿ ಕೈಕೊಟ್ರೆ?” ಎಂದೆ.

“ಕೊಟ್ರೆ ಕೊಡ್ಲಿ. ರಿಪೇರಿ ಮಾಡ್ಕೊಳ್ಳೋಕೆ ಬರುತ್ತಲ್ಲ. ಆದ್ರೆ ಆ ಗೋಣಿಚೀಲದ ತುಂಬ ರಿಪೇರಿ ಸಾಮಾನು ಹೊರೋಕಾಗಲ್ಲ. ನೀನು ಎಂಜಿನಿಯರಿಂಗ್ ಓದಿದೀಯ. ಇದ್ರಲ್ಲಿ ಹಿಡಿಸೋಷ್ಟು ಮಾಡ್ಕೊಡು. ಮುಗಿದ ದಿನ ಹೊರಡ್ತೀನಿ.”

ಎಂದು ಅವಳು ಕೈಗಿಟ್ಟದ್ದು ಹಿಂದಿನ ಕಾಲದಲ್ಲಿ ಸಿರಿಂಜು ಕುದಿಸುತ್ತಿದ್ದ ಸ್ಟೀಲಿನ ಡಬ್ಬಿ. ಅಳೆದೆ. ಒಳಗಿನ ಉದ್ದ ಹದಿನೆಂಟೂವರೆ ಸೆಂಟಿಮೀಟರ್. ಅಗಲ ಎಂಟು. ಎತ್ತರ ನಾಲ್ಕು.

ಫೆಬ್ರುವರಿ 5, ಗುರುವಾರ

ಉಸಿರು ಮೂವತ್ನಾಲ್ಕು, ಮೂವತ್ನಾಲ್ಕು, ಮೂವತ್ತೇಳು (ಅತ್ತ ಮೇಲೆ). ಜ್ವರ ಇಲ್ಲ.

ಹತಾರಗಳ ಗೋಣಿಚೀಲವನ್ನು ನಡುಮನೆಯ ನೆಲಕ್ಕೆ ಸುರಿದೆ. ಹತ್ತೂಮುಕ್ಕಾಲು ಕಿಲೋ. ಮಗುವಿನ ತೂಕಕ್ಕಿಂತ ಮೂರೂವರೆ ಕಿಲೋ ಹೆಚ್ಚು. ಒಂದೊಂದನ್ನೂ ಅಳೆದು, ಕಾಲೇಜಿನಲ್ಲಿ ಮಾಡುತ್ತಿದ್ದ ಹಾಗೆ ಕಾಗದದ ಮೇಲೆ ಚಿತ್ರ ಬರೆದು, ಬೇಕಾದವಕ್ಕೆಲ್ಲ ಗುರುತು ಹಾಕುತ್ತ ಹೋದೆ. ಕೊನೆಗೆ ನೋಡಿದರೆ ಗುರುತು ಇಲ್ಲದ್ದು ಒಂದು ಮುರಿದ ಗರಗಸ ಮಾತ್ರ.

ಅಮ್ಮ ಇಣುಕಿದಳು. “ನಾನೇನು ಅಲ್ಲಿ ಹೋಗಿ ಗ್ಯಾರೇಜು ಇಡ್ತೀನಾ?”

“ಏನು ಕೆಡುತ್ತೆ ಅಂತ ಮೊದಲೇ ಗೊತ್ತಿರುತ್ತಾ?”

“ಬೇಕಾಗ್ಬಹುದು ಅನ್ನೋದು ಬೇರೆ, ಬೇಕಾಯ್ತು ಅನ್ನೋದು ಬೇರೆ ಕಣೇ.”

ಅವಳ ಹತ್ತಿರ ಹಳೆಯ ಉಪಾಯವೊಂದಿತ್ತು. ಕೆಲಸದ ಚೀಲ ತೀರಾ ಭಾರವಾದಾಗ ಒಳಗಿನ ಪ್ರತಿಯೊಂದು ವಸ್ತುವಿಗೂ ಕೆಂಪು ದಾರ ಕಟ್ಟುತ್ತಿದ್ದಳಂತೆ. ಬಳಸಬೇಕಾಗಿ ಬಂದಾಗ ಮಾತ್ರ ದಾರ ಬಿಚ್ಚುವುದು. ತಿಂಗಳಾದ ಮೇಲೂ ದಾರ ಹಾಗೇ ಇದ್ದರೆ ಅದು ಚೀಲದಿಂದ ಹೊರಗೆ. ತಿಂಗಳು ಕಾಯಲು ಈಗ ಪುರುಸೊತ್ತಿಲ್ಲ. ಆದ್ದರಿಂದ ಬೈಕಿಗೆ ದಾರಿಯಲ್ಲಿ ಬರಬಹುದಾದ ಎಲ್ಲ ರಿಪೇರಿಯನ್ನೂ ಮನೆಯ ಮುಂದೆಯೇ ಒಂದು ಸಲ ಮಾಡಿ ನೋಡುವುದು, ದಾರ ಉಳಿದದ್ದನ್ನು ಬಿಡುವುದು ಎಂದಾಯಿತು. ಇಬ್ಬರೂ ಕೂತು ನಲವತ್ತು ಹತಾರಗಳಿಗೆ ದಾರ ಕಟ್ಟಿದೆವು. ಮಗು ದಾರದ ಉಂಡೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡಿತು. ಉಂಡೆಯನ್ನು ಬೀರುವಿನ ಮೇಲಿಟ್ಟು, ಅವನ ಬಾಯೊಳಗೆ ಬೆರಳು ಹಾಕಿ ಎರಡು ಸಲ ನೋಡಿದೆ.

ಫೆಬ್ರುವರಿ 9, ಸೋಮವಾರ

ಉಸಿರು ಮೂವತ್ತೈದು. ಮಧ್ಯದ ಎರಡು ಎಣಿಕೆ ತಪ್ಪಿದವು, ಮನೆಯಲ್ಲಿರಲಿಲ್ಲ.

ಬೈಕಿನ ಮಾಮೂಲು ರಿಪೇರಿಗಳು ನಿನ್ನೆ ಮುಗಿದವು. ಹದಿಮೂರು ದಾರ ಬಿಚ್ಚಿದ್ದೇವೆ. ಆ ಹದಿಮೂರರಲ್ಲಿ ಅರ್ಧಕ್ಕರ್ಧ ಡಬ್ಬಿಗಿಂತ ಉದ್ದ, ಇಲ್ಲವೇ ದಪ್ಪ. ಕತ್ತರಿಸಬೇಕು, ಉಜ್ಜಬೇಕು. ಮೂರನೇ ಬೀದಿಯ ತಿರುವಿನಲ್ಲಿ ಚಾಕು, ಕತ್ತರಿಗೆ ಸಾಣೆ ಹಿಡಿಯುವವರ ಅಂಗಡಿ ಇದೆ. ಎಪ್ಪತ್ತು ದಾಟಿರಬೇಕು. ಒಂದು ಕಿವಿ ಕೇಳುವುದಿಲ್ಲ, ಇನ್ನೊಂದು ಬೇಕಾದಾಗ ಮಾತ್ರ ಕೇಳುತ್ತದೆ.

ಹೆರಿಗೆಯಾದ ಮೇಲೆ ಅವನನ್ನು ಬಿಟ್ಟು ಹೊರಗೆ ಹೋದದ್ದು ಇದೇ ಮೊದಲು. ಅಂಗಡಿಗೆ ಐದು ನಿಮಿಷದ ದಾರಿ. ಹೋಗುತ್ತ ಎರಡು ಸಲ ಫೋನು ಮಾಡಿದೆ, ಅಲ್ಲಿಂದ ಮೂರು ಸಲ. ಐದನೆಯ ಸಲ ಅಮ್ಮ ಎತ್ತಿದವಳೇ, “ಇರು, ಅವನಿಗೇ ಕೊಡ್ತೀನಿ, ನೀನೇ ಮಾತಾಡ್ಕೋ” ಎಂದು ನಿಜವಾಗಿಯೂ ಫೋನನ್ನು ಅವನ ಕಿವಿಗೆ ಹಿಡಿದಳು.

ಸಾಣೆಯವರು ಮೊದಲು ಸ್ಕ್ರೂಡ್ರೈವರನ್ನು ತಾವೇ ಉಜ್ಜಿ ತೋರಿಸಿದರು. ಆಮೇಲೆ ನನ್ನ ಕೈಗೆ ಕೊಟ್ಟರು.

“ಒಂದೇ ಸಮ ಹಿಡೀಬೇಡಿ ತಾಯಿ. ಕಬ್ಬಿಣ ಕಾದು ನೀಲಿಗೆ ತಿರುಗ್ತು ಅಂದ್ರೆ ಹದ ಹೋಯ್ತು. ಆಮೇಲೆ ಅದು ಬೆಣ್ಣೆ. ಐದು ಎಣಿಸಿ, ನೀರಿಗದ್ದಿ. ಮತ್ತೆ ಐದು, ಮತ್ತೆ ನೀರು. ಎಣಿಸೋಕೆ ಬರುತ್ತಲ್ಲ?”

ಎಣಿಸಲು ನನಗೆ ಬರುತ್ತದೆಯೇ ಎಂದು ಕೇಳುತ್ತಾರೆ.

ಒಂದೂಕಾಲು ಗಂಟೆ ಉಜ್ಜಿದೆ. ಇಕ್ಕಳದ ಪ್ಲಾಸ್ಟಿಕ್ ಹಿಡಿ ಕಿತ್ತು, ಕಾಲುಗಳನ್ನು ಮೂರು ಸೆಂಟಿಮೀಟರ್ ಮೋಟು ಮಾಡಿ, ಅಂಚು ನುಣುಪು ಮಾಡಿದೆ. ಸ್ಕ್ರೂಡ್ರೈವರಿನ ಮರದ ಹಿಡಿ ತೆಗೆದು ಎರಡೂ ತುದಿಗೆ ಬಾಯಿ ಮಾಡಿದೆ. ಎಲ್ಲೂ ನೀಲಿಗೆ ತಿರುಗಲಿಲ್ಲ. “ಕೈ ಪರವಾಗಿಲ್ಲ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತೇ ಇರಬೇಕು.

ಫೆಬ್ರುವರಿ 10, ಮಂಗಳವಾರ

ಉಸಿರು ಮೂವತ್ತೆಂಟು. ಮತ್ತೆ ಮೂವತ್ತೊಂಬತ್ತು. ಮತ್ತೆ ಮೂವತ್ತೆಂಟು. ಆಸ್ಪತ್ರೆಗೆ ಓಡಿದೆ. ನೆಗಡಿ ಕೂಡ ಅಲ್ಲವಂತೆ. “ಮಗುವಿನ ತಾಯಿಗೆ ನಿದ್ದೆ ಬೇಕು” ಎಂದು ಡಾಕ್ಟರು ಚೀಟಿಯ ಮೇಲೆ ಬರೆದೇ ಕೊಟ್ಟರು. ಅಮ್ಮ ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಕೈಯಿಟ್ಟುಕೊಂಡೇ ನಡೆದಳು.

ನಿನ್ನೆ ಬಿಟ್ಟುಹೋಗಬಾರದಿತ್ತು.

ಫೆಬ್ರುವರಿ 13, ಶುಕ್ರವಾರ

ಉಸಿರು ಮೂವತ್ನಾಲ್ಕು, ಎರಡು ಸಲ.

ಹಿಂದಿನ ಚಕ್ರದ ಅಚ್ಚಿಗೆ ಒಂದು ದೊಡ್ಡ ನಟ್ಟು ಇದೆ. ಪಂಕ್ಚರಾಗಲಿ, ಚೈನು ಸಡಿಲವಾಗಲಿ, ಮೊದಲು ಅದನ್ನು ಬಿಚ್ಚಬೇಕು. ಅದರ ರಿಂಗ್ ಸ್ಪ್ಯಾನರ್ ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ. ಇವತ್ತು ಸಾಣೆಯವರ ಮೇಜಿಗೆ ಕೂರಿಸಿದ ವೈಸಿನಲ್ಲಿ ಬಿಗಿಯಾಗಿ ಸಿಗಿಸಿ, ಹದಿನೆಂಟು ಸೆಂಟಿಮೀಟರಿಗೆ ಗೀಟು ಹಾಕಿ, ಗರಗಸದಿಂದ ಕೊಯ್ದೆ. ಮೂರು ಬ್ಲೇಡು ಹೋದವು. ಅಂಗೈಯಲ್ಲಿ ಎರಡು ಬೊಬ್ಬೆ. ಮನೆಗೆ ಬಂದು ಡಬ್ಬಿಯಲ್ಲಿಟ್ಟೆ. ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ ಕೂತಿತು. ಮುಚ್ಚಳ ಹಾಕಿ ಅಲುಗಾಡಿಸಿದೆ, ಸದ್ದಿಲ್ಲ.

ಇವರಿಗೆ ತೋರಿಸಿದೆ. “ಮಗುವಿನ ಮೊದಲ ಹಲ್ಲು ತೋರಿಸಿದಾಗ್ಲೂ ನಿನ್ನ ಮುಖ ಇಷ್ಟು ಅರಳಿರ್ಲಿಲ್ಲ” ಎಂದರು. ಕೊಂಕು ಮಾತು. ಆಗ ಹಲ್ಲಿನ ಜೊತೆ ಜ್ವರವೂ ಬರುತ್ತದೋ ಏನೋ ಎಂದು ಹೆದರಿದ್ದೆ, ಅಷ್ಟೇ.

ಫೆಬ್ರುವರಿ 17, ಮಂಗಳವಾರ

ಉಸಿರು ಮೂವತ್ತೈದು.

ಮೋಟು ಸ್ಪ್ಯಾನರ್ ಹಿಡಿದು ಅಚ್ಚಿನ ನಟ್ಟಿಗೆ ಹಾಕಿದೆವು. ನಾನು ಎಳೆದೆ. ಅಮ್ಮ ಎಳೆದಳು. ಇಬ್ಬರೂ ಸೇರಿ ಎಳೆದೆವು. ಅಮ್ಮ ನಿಂತು ಒದ್ದಳು. ನಟ್ಟು ಕಮಕ್ ಕಿಮಕ್ ಅನ್ನಲಿಲ್ಲ.

ಮೊದಲ ವರ್ಷದ ಪಾಠ ಅದು. ಹಿಡಿ ಉದ್ದವಿದ್ದಷ್ಟು ಬಲ ಹೆಚ್ಚು. ಡಬ್ಬಿಯ ಉದ್ದ ನೋಡುತ್ತ ನಟ್ಟಿನ ಬಿಗಿಯನ್ನೇ ಮರೆತಿದ್ದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಮ್ಮ ಮಾತ್ರ ಅಂಗಳದಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಎಂಜಿನಿಯರಮ್ಮ, ಡಬ್ಬಿಗೇನೋ ಹಿಡಿಸ್ತು. ನಟ್ಟಿಗೆ ಹಿಡಿಸ್ಲಿಲ್ಲ!”

“ಹಾಗಾದ್ರೆ ಈಗ ಹೊರಡೋಕಾಗಲ್ಲ,” ಎಂದೆ.

ಅವಳ ನಗು ನಿಂತಿತು. ನನ್ನ ಮುಖವನ್ನೇ ನೋಡಿದಳು, ಹಿಂದೆ ಬಾಣಂತಿಯರ ಮುಖ ನೋಡುತ್ತಿದ್ದ ಹಾಗೆ. ಸ್ಪ್ಯಾನರನ್ನು ಒರೆಸಿ ಡಬ್ಬಿಗಿಟ್ಟಳು. ಯಾಕೋ ಏನೋ, ಮಧ್ಯಾಹ್ನದ ಊಟ ಇವತ್ತು ರುಚಿಸಿತು.

ಫೆಬ್ರುವರಿ 20, ಶುಕ್ರವಾರ

ಉಸಿರು ಮೂವತ್ತಾರು, ಮೂವತ್ತೈದು, ಮೂವತ್ತಾರು, ಮೂವತ್ತಾರು. ಜ್ವರ ಇಲ್ಲ.

ಮಡಚುವ ಹಿಡಿಯ ಸ್ಪ್ಯಾನರ್ ಒಂದಿದೆಯಂತೆ, ಹೊರಗಿನಿಂದ ತರಿಸಬೇಕು, ಹದಿನೈದು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಕಾಯುವುದೇ ಸರಿ ಎಂದೆ. ಡಬ್ಬಿಗೆ ಬಾಯಿ ಹಿಗ್ಗಿಸಿ ಕುಗ್ಗಿಸುವ ತಿರುಗುಣಿ ಸ್ಪ್ಯಾನರ್ ಒಂದನ್ನು ಸೇರಿಸಿದೆ. ಅದರ ದಾರ ಬಿಚ್ಚಿಲ್ಲ, ಆದರೂ ಇರಲಿ. ಟ್ಯೂಬಿನ ತೇಪೆ ಹನ್ನೆರಡು. ಎರಡನೇ ಇಕ್ಕಳ. ಮುಚ್ಚಳ ಹಾಕಲಾಗುತ್ತಿಲ್ಲ. ದೊಡ್ಡ ಡಬ್ಬಿ ನೋಡಬೇಕು.

ಇವರು ಚಹಾ ಕುಡಿಯುತ್ತ, “ಅತ್ತೆ ಹೋಗೋದು ಬೇಡ ಅಂತ ನೇರವಾಗಿ ಹೇಳ್ಬಿಡು. ಪಾಪ, ಸ್ಪ್ಯಾನರ್ ಮೇಲೆ ಯಾಕೆ ಹಾಕ್ತೀಯ?” ಎಂದರು.

ಮೈಯೆಲ್ಲ ಉರಿದುಹೋಯಿತು. ನಾನು? ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡವಳು ನಾನು. ಒಂಟಿ ಹೆಂಗಸು, ಅರವತ್ತು ವರ್ಷ, ಮಂಡಿನೋವು, ಗೊತ್ತಿಲ್ಲದ ರಸ್ತೆ. ಕೆಟ್ಟುನಿಂತರೆ ಹೊಣೆ ಯಾರದು? ಸರಿಯಾದ ಹತಾರವಿಲ್ಲದೆ ಕಳಿಸುವವರಿಗೆ ಬುದ್ಧಿ ಇದೆಯೇ? ಅವಳು ಹೋಗಬಾರದೆಂದು ನಾನು ಒಂದು ದಿನವಾದರೂ ಅಂದಿದ್ದೇನೆಯೇ? ಇದನ್ನೆಲ್ಲ ಇವರಿಗೆ ಹೇಳಿದೆ, ಇನ್ನೂ ಜೋರಾಗಿ. ಇವರು ಲೋಟ ತೊಳೆದಿಟ್ಟು ಹೋದರು.

ಇನ್ನೊಂದು. ಮಗುವಿನ ಚೀಲದಲ್ಲಿ ಒರೆಸುವ ಬಟ್ಟೆ ಹುಡುಕಲು ಹೋದರೆ ಎಲ್ಲಕ್ಕೂ ಕೆಂಪು ದಾರ! ಮೂರು ಥರ್ಮಾಮೀಟರು, ಒಂಬತ್ತು ಜೊತೆ ಬಟ್ಟೆ, ನಾಲ್ಕು ಬಾಟಲಿ, ಮೂಗಿನ ಹನಿ, ಟಾರ್ಚು, ಒಟ್ಟು ನಲವತ್ತೊಂದು. ಅಮ್ಮನ ಕಿತಾಪತಿ. ಹನ್ನೊಂದನೆಯ ತಾರೀಕಿಗೇ ಕಟ್ಟಿಟ್ಟಿದ್ದಳಂತೆ. “ನಾನು ಹತಾರ ಅಲ್ಲ,” ಎಂದು ರೇಗಿದೆ. “ನಿನಗೆಲ್ಲಿ ಕಟ್ಟಿದೀನೇ?” ಎಂದಳು.

ಫೆಬ್ರುವರಿ 24, ಮಂಗಳವಾರ

ಮೂರು ದಿನ ಅಮ್ಮ ಪ್ರವಾಸದ ಮಾತೇ ಎತ್ತಲಿಲ್ಲ. ನಿನ್ನೆ ನಾನು ಸ್ನಾನ ಮುಗಿಸಿ ಬಂದರೆ, ಅವಳು ಅಂಗಳದಲ್ಲಿ ಬೈಕಿಗೆ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಹಗ್ಗ ಕಟ್ಟುತ್ತಿದ್ದಳು. ಒಂದೆರಡು ದಿನಕ್ಕೆ ಕಟ್ಟುವ ಗಂಟಲ್ಲ ಅದು. ಕಟ್ಟಿ ಮುಗಿಸಿ ಸೀಟಿನ ಮೇಲೆ ಒಂದು ಸಲ ಕೈಯಾಡಿಸಿ ಒಳಗೆ ಬಂದಳು. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು. “ಊಟಕ್ಕೆ ಏನು ಮಾಡ್ಲಿ?” ಎಂದಳು.

ಡಬ್ಬಿ ತಂದು ಅದರಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದೆ.

ಖಾಲಿ ಡಬ್ಬಿಯನ್ನು ಅವಳ ಮುಂದಿಟ್ಟು ಕೇಳಿದೆ, “ಇಷ್ಟು ಸಣ್ಣ ಡಬ್ಬೀಲಿ ಎಷ್ಟು ಸಿರಿಂಜು ಇಡ್ತಿದ್ದೆ?”

“ಹನ್ನೆರಡು. ಸೂಜಿ ಬೇರೆ.”

“ಸುಳ್ಳು.”

“ಪಕ್ಕಪಕ್ಕ ಇಟ್ರೆ ಆರೇ ಹಿಡಿಸೋದು. ದೊಡ್ಡದರ ಗಾಜಿನ ಕೊಳವೆ ಒಳಗೆ ಚಿಕ್ಕದು, ಅದರೊಳಗೆ ಇನ್ನೂ ಚಿಕ್ಕದು. ಒಂದರ ಹೊಟ್ಟೇಲಿ ಒಂದು.”

ಕೊಳವೆ! ಪ್ಲಗ್ ಬಿಚ್ಚುವ ಸ್ಪ್ಯಾನರ್ ಕೊಳವೆಯೇ ಅಲ್ಲವೇ? ಹದಿನೇಳು ಸೆಂಟಿಮೀಟರಿನ ಗಟ್ಟಿ ಉಕ್ಕಿನ ಕೊಳವೆ, ಅದು ಹೇಗೂ ಡಬ್ಬಿಯಲ್ಲಿ ಇರಲೇಬೇಕು. ಮೋಟು ಸ್ಪ್ಯಾನರಿನ ಬಾಲವನ್ನು ತೆಳ್ಳಗೆ ಉಜ್ಜಿ ಅದರೊಳಗೆ ತೂರಿಸಿದರೆ ಹಿಡಿ ಮತ್ತೆ ಉದ್ದವಾಗುತ್ತದೆ. ಡಬ್ಬಿಯಲ್ಲಿ ಮೋಟು, ನಟ್ಟಿನ ಮೇಲೆ ಮೊಳ.

ಇವತ್ತು ಹತ್ತಕ್ಕೆ ಸಾಣೆಯವರ ಅಂಗಡಿಗೆ ಹೋದವಳು ಬಂದದ್ದು ಒಂದಕ್ಕೆ. ಐದು ಎಣಿಸು, ನೀರು. ಐದು ಎಣಿಸು, ನೀರು. ಕೊಳವೆಯಲ್ಲಿ ತೂರಿಸಿ ನೋಡು, ಬಿಗಿ, ಮತ್ತೆ ಐದು. ಇನ್ನೇನು ಮುಗಿಯಿತು ಅನ್ನುವಾಗ ಬೀದಿಯಲ್ಲಿ ಯಾವುದೋ ಮಗು ಅತ್ತಿತು. ತಲೆ ತಿರುಗಿಸಿದೆ, ಎಣಿಕೆ ತಪ್ಪಿತು. ನೋಡುವಷ್ಟರಲ್ಲಿ ಉಕ್ಕಿನ ಮೇಲೆ ನವಿಲುಗರಿಯ ನೀಲಿ.

ಅಳುವೇ ಬಂತು. ಸಾಣೆಯವರು ಕನ್ನಡಕ ಏರಿಸಿ ತಿರುಗಿಸಿ ನೋಡಿದರು. “ತುದೀಲಿ ಮಾತ್ರ ಬಂದಿದೆ. ಬುಡಕ್ಕೂ ಇಳಿದಿಲ್ಲ, ಬಾಯಿಗೂ ಹೋಗಿಲ್ಲ. ಬಲ ಬೀಳೋದು ಬುಡದ ಮೇಲೆ. ಏನಾಗಲ್ಲ ಬಿಡಿ. ಮಕ್ಕಳು ಅಳ್ತಾವೆ ತಾಯಿ. ನೀವು ಕಲ್ಲಿಂದ ಕೈ ತೆಗೀರಿ, ಆಮೇಲೆ ತಿರುಗಿ ನೋಡಿ.”

ಬಂದು ನೋಡಿದರೆ ಅಮ್ಮ, ಮಗು ಇಬ್ಬರೂ ಬಾಯಿ ತೆರೆದು ನಿದ್ದೆ. ಡಬ್ಬಿಯನ್ನು ಮತ್ತೆ ತುಂಬಿ, ಎರಡನೇ ಇಕ್ಕಳವನ್ನು ಮಾತ್ರ ಹೊರಗಿಟ್ಟೆ. ಮುಚ್ಚಳ ಕೂತಿತು.

ಫೆಬ್ರುವರಿ 26, ಗುರುವಾರ

ಉಸಿರು ಮೂವತ್ನಾಲ್ಕು.

ಟಾರ್ಪಾಲಿನ ಗಂಟನ್ನು ನಾನೇ ಬಿಚ್ಚಿದೆ, ಹಲ್ಲು ಹಾಕಿ ಬಿಚ್ಚಬೇಕಾಯಿತು. ಸ್ಪ್ಯಾನರ್ ಹಾಕಿ, ಬಾಲಕ್ಕೆ ಕೊಳವೆ ತೂರಿಸಿ, “ಒದಿ,” ಎಂದೆ. ಅಮ್ಮ ನೋವಿಲ್ಲದ ಕಾಲಿನಿಂದ ಒಂದೇ ಒದೆ ಒದ್ದಳು. ಟಕ್ ಎಂದಿತು. ಅಷ್ಟು ಸಣ್ಣ ಸದ್ದು! ಆಮೇಲೆ ಅವಳೊಬ್ಬಳೇ ಚಕ್ರ ಬಿಚ್ಚಿ, ಟ್ಯೂಬು ತೆಗೆದು, ತೇಪೆ ಹಾಕಿ, ಮತ್ತೆ ಕೂರಿಸಿದಳು. ನಲವತ್ತೈದು ನಿಮಿಷ. ನಾನು ಸಹಾಯಕ್ಕೆ ಕೈ ಚಾಚಿದಾಗಲೆಲ್ಲ ಕೈಗೆ ಹೊಡೆದಳು.

ಡಬ್ಬಿಯ ತೂಕ ಒಂದು ಕಿಲೋ ಆರುನೂರು ಗ್ರಾಂ. ಹೊರಗೆ ಗೋಣಿಯಲ್ಲಿ ಒಂಬತ್ತು ಕಿಲೋ.

ಅವಳು ಎರಡೂ ಕೈಯಿಂದ ಡಬ್ಬಿ ಹಿಡಿದು, “ಭಾನುವಾರ?” ಎಂದಳು. ನನ್ನನ್ನು ಕೇಳುವ ಹಾಗೆ.

“ಭಾನುವಾರ ಬೆಳಿಗ್ಗೆ ಬೇಗ ಹೊರಡು, ಬಿಸಿಲೇರುತ್ತೆ,” ಎಂದೆ.

ಮಾರ್ಚ್ 1, ಭಾನುವಾರ

ಆರೂವರೆಗೆ ಹೋದಳು. ಬೀದಿಯ ತಿರುವಿನಲ್ಲಿ ಕೈ ಎತ್ತಿದಳು, ತಿರುಗಿ ನೋಡಲಿಲ್ಲ. ದಿನಾ ಒಂದು ಗಂಟೆಗೆ ಫೋನು. “ನೀನು ಎತ್ತಲಿಲ್ವೋ, ಎಲ್ಲಿದ್ರೂ ಗಾಡಿ ತಿರುಗಿಸ್ಕೊಂಡು ಬಂದ್ಬಿಡ್ತೀನಿ, ನೆನಪಿರ್ಲಿ.”

ಉಸಿರು ಮೂವತ್ತಾರು. ಮೂವತ್ತೈದು. ಮೂವತ್ತಾರು. ಮೂವತ್ತೇಳು. ಮೂವತ್ತೈದು. ಮೂವತ್ತಾರು.

ಬೇರೇನೂ ಬರೆಯಲು ತೋಚುತ್ತಿಲ್ಲ.

ಮಾರ್ಚ್ 3, ಮಂಗಳವಾರ

ಅಡುಗೆಮನೆಯ ಕಪಾಟಿನಲ್ಲಿ ತಿರುಗುಣಿ ಸ್ಪ್ಯಾನರ್ ಸಿಕ್ಕಿತು, ಕೆಂಪು ದಾರದ ಸಮೇತ. ನಾನು ಒತ್ತಾಯ ಮಾಡಿ ಹಾಕಿಸಿದ್ದು. ಹೋಗುವಾಗ ಸದ್ದಿಲ್ಲದೆ ತೆಗೆದಿಟ್ಟು ಹೋಗಿದ್ದಾಳೆ. ಘಾಟಿ! ಫೋನಿನಲ್ಲಿ ಬೈದೆ. ಗಾಳಿಯ ಸದ್ದಿನಲ್ಲಿ ನಕ್ಕಳು.

ಅವನು ಅದಕ್ಕಾಗಿ ಹಟ ಹಿಡಿದು ಅತ್ತ. ಹಲ್ಲು ಬರುವ ಒಸಡು, ಏನಾದರೂ ತಣ್ಣಗಿನದು ಬೇಕು. ದಾರ ಕಿತ್ತುಹಾಕಿ, ಸೋಪಿನಲ್ಲಿ ತಿಕ್ಕಿ, ಬಿಸಿನೀರಲ್ಲಿ ತೊಳೆದು ಕೊಟ್ಟೆ. ಎರಡೂ ಕೈಯಿಂದ ಹಿಡಿದು ಮೆಕ್ಯಾನಿಕ್ಕಿನ ಗಾಂಭೀರ್ಯದಲ್ಲಿ ಚೀಪಿದ.

ಮಧ್ಯಾಹ್ನ ದಿನಸಿ ತರಲು ಅಂಗಡಿಗೆ ಅವನನ್ನು ಎತ್ತಿಕೊಂಡೇ ಹೋದೆ. ಮಗುವಿನ ಆ ದೊಡ್ಡ ಚೀಲ ಹೊತ್ತರೆ ಅವನನ್ನು ಎತ್ತಲಾಗುವುದಿಲ್ಲ. ಇಷ್ಟು ದಿನದಲ್ಲಿ ಬೇಕಾಗಿ ದಾರ ಬಿಚ್ಚಿದ್ದ ಏಳು ವಸ್ತುಗಳನ್ನು ಮಾತ್ರ ಒಂದು ಕೈಚೀಲಕ್ಕೆ ಹಾಕಿಕೊಂಡೆ.

ಮಾರ್ಚ್ 5, ಗುರುವಾರ

ಇವತ್ತು ಅಮ್ಮನಿಂದ ಬೈಸಿಕೊಂಡೆ. ತಪ್ಪು ನನ್ನದೇ.

ಒಂದು ಗಂಟೆಗೆ ಫೋನು ಮಾಡಿದಳಂತೆ. ನನಗೆ ಗೊತ್ತಾಗಲಿಲ್ಲ. ಅವನಿಗೆ ಹಾಲು ಕುಡಿಸಿ, ತೊಟ್ಟಿಲಿನಲ್ಲಿ ಮಲಗಿಸಿ, ಐದು ನಿಮಿಷ ಬೆನ್ನು ನೆಲಕ್ಕೆ ತಾಗಿಸೋಣ ಎಂದು ಪಕ್ಕದ ಚಾಪೆಯ ಮೇಲೆ ಅಡ್ಡಾದೆ. ಕಣ್ಣು ಬಿಟ್ಟಾಗ ಗಡಿಯಾರದಲ್ಲಿ ಮೂರೂಕಾಲು, ಕೆನ್ನೆಯ ಮೇಲೆ ಚಾಪೆಯ ಬರೆ. ಅವನು ಎಷ್ಟು ಹೊತ್ತಿನಿಂದ ಎದ್ದಿದ್ದನೋ, ತನ್ನ ಪಾಡಿಗೆ ತಾನು ಕಾಲಿನ ಜೊತೆ ಮಾತಾಡುತ್ತಿದ್ದ. ಫೋನು ದಿಂಬಿನ ಕೆಳಗೆ ಬಡಿದುಕೊಳ್ಳುತ್ತಿತ್ತು. ಹದಿನಾಲ್ಕನೆಯ ಸಲವಂತೆ.

“ಏನಾಯ್ತೇ? ಎಲ್ಲಿದೀಯ? ಮಗು ಹೇಗಿದೆ? ಉಸಿರು?”

“ಯಾರದು?” ಎಂದೆ, ನಿದ್ದೆಗಣ್ಣಿನಲ್ಲಿ.

“ಯಾರದಾ! ಇಲ್ಲಿ ನನ್ನ ಉಸಿರು ನಿಂತುಹೋಗಿದೆ. ನಿನಗೇನೋ ಆಗಿದೆ ಅಂತ ಗಾಡಿ ತಿರುಗಿಸ್ಬಿಟ್ಟೆ.”

“ತಿರುಗಿಸಿ?”

“ಬರ್ತಾ ಇದೀನಿ. ಐವತ್ತೆರಡು ಕಿಲೋಮೀಟರ್ ಬಂದೆ.”

ಎದ್ದು ಕೂತೆ. ಅವಳು ಒಂದು ಗಂಟೆಗೆ ನಿಂತಿದ್ದ ಜಾಗದಿಂದ ದೀಪಸ್ತಂಭ ಬರೀ ನಲವತ್ತು ಕಿಲೋಮೀಟರಿತ್ತಂತೆ. ಮೂವತ್ತು ವರ್ಷ ಗೋಡೆಯ ಮೇಲೆ ನೋಡಿ, ನಲವತ್ತು ಕಿಲೋಮೀಟರ್ ಇರುವಾಗ ಬೆನ್ನು ತಿರುಗಿಸಿದ್ದಾಳೆ.

“ಅಮ್ಮಾ, ಮಲಗಿಬಿಟ್ಟಿದ್ದೆ ಕಣೇ. ಅಷ್ಟೇ.”

ಆ ಕಡೆ ಲಾರಿಯೊಂದು ಹೋದ ಸದ್ದು.

“ಮಲಗಿದ್ಯಾ?” ಎಂದಳು. ದನಿ ಒಂಥರಾ ಇತ್ತು.

“ಹ್ಞೂಂ. ದಾರೀಲಿ ಎಲ್ಲಾದ್ರೂ ಗಾಡಿ ಕೆಟ್ಟಿತ್ತಾ?”

“ಚೈನು ಸಡಿಲ ಆಗಿತ್ತು. ಬಿಗಿ ಮಾಡ್ದೆ.”

“ನಟ್ಟು ಬಂತಾ?”

“ಒಂದೇ ಒದೆಗೆ ಬಂತು ಕಣೇ. ಅದನ್ನ ಹೇಳೋಕೇ ಅಷ್ಟು ಸಲ ಫೋನ್ ಮಾಡಿದ್ದು.”

“ಹಾಗಾದ್ರೆ ಇನ್ನೇನು? ತಿರುಗಿಸು ಗಾಡಿ ಆ ಕಡೆಗೆ.”

“ಮತ್ತೆ ಮಗು...”

“ಅವನಿಗೇ ಕೊಡ್ತೀನಿ, ನೀನೇ ಮಾತಾಡ್ಕೋ,” ಎಂದು ಫೋನನ್ನು ತೊಟ್ಟಿಲಿಗೆ ಹಿಡಿದೆ. ಅವನು ಅದನ್ನು ನೆಕ್ಕಿದ. ಆ ಕಡೆ ಸ್ಟ್ಯಾಂಡು ಎತ್ತಿದ ಸದ್ದು ಕೇಳಿಸಿತು, ಆಮೇಲೆ ಎಂಜಿನ್ನು.

ಇವರು ನಾಲ್ಕಕ್ಕೆ ಬಂದರು. ನಡೆದದ್ದು ಹೇಳಿದರೆ ನಗಲಿಲ್ಲ. ಚಹಾ ತಾವೇ ಮಾಡಿಕೊಟ್ಟರು. ಅದೇಕೋ ಗೊತ್ತಿಲ್ಲ.

ಏಳು ಗಂಟೆಗೆ ಅಮ್ಮನ ಸಂದೇಶ: “ದೀಪ ಹೊತ್ತಿಸಿದರು.” ಅಷ್ಟೇ. ಫೋಟೋ ಕೂಡ ಇಲ್ಲ.

ಸಾಣೆಯವರಿಗೆ ನಾಳೆ ಹೇಳಬೇಕು, ನೀಲಿಯಾದ ತುದಿ ತಡೆದುಕೊಂಡಿತೆಂದು. ಇವತ್ತು ಇನ್ನೂ ಬರೆಯುವುದಿತ್ತು, ಆದರೆ ಆಗಿನಿಂದ ಆಕಳಿಕೆ ನಿಲ್ಲುತ್ತಿಲ್ಲ. ಮಧ್ಯಾಹ್ನ ಅಷ್ಟು ಹೊತ್ತು ಮಲಗಿದವಳಿಗೆ ಮತ್ತೆ ಹೇಗೆ ನಿದ್ದೆ ಬರುತ್ತದೋ. ವಿಚಿತ್ರ.